ನಲವತ್ತೊಂದು ಸೆಕೆಂಡ್

"ಒಂಬತ್ತನೇ ಕ್ಲಾಸಲ್ಲಿ ಬ್ಯಾಗ್ ಬಿಸಾಕಿ ಓಡೋಗ್ದೋನು ನಮ್ಗೆ ಎಐ ಅಂದ್ರೇನು ಅಂತ ಪಾಠ ಮಾಡ್ತಾವ್ನೆ, ಕೇಳುಸ್ಕಳ್ರಪ್ಪ. ಲೇ ಬಾಲರಾಜು, ನೀನು ಸ್ಕ್ರೀನ್‌ಗಾರ್ಡ್ ಅಂಟ್ಸು. ಬಬಲ್ ಬರ್ದಂಗೆ ಅಂಟ್ಸು. ನಿನ್ ಟೆಕ್ನಾಲಜಿ ಅಷ್ಟೇಯ."

ಮಾತು ರುದ್ರಪ್ರಸಾದನದು, ಆದರೆ ರುದ್ರಪ್ರಸಾದ ಅಲ್ಲಿರಲಿಲ್ಲ. ಬಿಡದಿಯ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಮುಗಿಸಿ, ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದು, ಅವನು ವಾಟ್ಸಾಪ್ ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜು ಅದು. ಹುಣಸೇದೊಡ್ಡಿಯ ಡೈರಿಯಲ್ಲಿ ಸಂಜೆಯ ಹಾಲಿನ ಸಾಲು ನಿಂತಿತ್ತು. ಮೊದಲು ಸೆಕ್ರೆಟರಿ ಗುರುಸಿದ್ದಯ್ಯನವರ ಫೋನಿನಿಂದ ಬಂತು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಸಾಲಿನ ನಡುವೆ ಇನ್ನೊಂದು ಫೋನಿನಲ್ಲಿ ಶುರುವಾಯಿತು. ಆಮೇಲೆ ಕಟ್ಟೆ ಮೇಲೆ ಕೂತವರದು. ಒಂದೇ ಬೈಗುಳ, ನಾಲ್ಕು ಬಾಯಿ.

ಚನ್ನಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಬಾಲರಾಜು ಕ್ಯಾನು ಹಿಡಿದು ಸಾಲಿನಲ್ಲಿ ಐದನೆಯವನಾಗಿ ನಿಂತಿದ್ದ. ಜನ ಮೊದಲು ಫೋನು ನೋಡಿದರು, ಆಮೇಲೆ ಅವನ ಮುಖ ನೋಡಿದರು, ಆಮೇಲೆ ನಕ್ಕರು. ಗುರುಸಿದ್ದಯ್ಯನವರು ಕನ್ನಡಕ ಮೇಲೆತ್ತಿ, "ಏನಂದ ಅವ್ನು, ಬಬಲ್ಲಾ?" ಎಂದು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು. ಬಾಲರಾಜುವಿನ ಮುಂದೆ ನಿಂತಿದ್ದ ಅಶ್ವಥನೂ ನಕ್ಕ. ಅದೇ ಅವನಿಗೆ ತಡೆಯಲಾಗದ್ದು. ಊರು ನಗಲಿ, ಊರಿಗೇನು. ಅಶ್ವಥಣ್ಣ ನಗಬಹುದೇ?

ಗ್ರೂಪಿನ ಹೆಸರು 'ಆನೆ ಬಂತು'. ಕಟ್ಟಿದವನು ಬಾಲರಾಜುವೇ. ಎರಡು ವರ್ಷದ ಹಿಂದೆ ಕನಕಪುರದ ಕಡೆಯ ಕಾಡಿನಿಂದ ಆನೆಗಳು ರಾಗಿ ಹೊಲಕ್ಕೆ ಇಳಿಯಲು ಶುರುವಾದಾಗ, ಸುತ್ತಲಿನ ನಾಲ್ಕು ದೊಡ್ಡಿ ಊರುಗಳ ಮನೆಮನೆಗೆ ಹೋಗಿ ನಂಬರ್ ಕೇಳಿ ಸೇರಿಸಿದ್ದ. ನಾನೂರ ಹನ್ನೆರಡು ಜನ, ಒಬ್ಬನೇ ಅಡ್ಮಿನ್. ಆನೆ ಕಂಡವರು ಎಲ್ಲಿ, ಎಷ್ಟು, ಯಾವ ಕಡೆ ಮುಖ ಎಂದು ಹಾಕಬೇಕು, ಬೇರೆ ಏನನ್ನೂ ಹಾಕಬಾರದು. ಕಾನೂನು ಇಷ್ಟೇ ಇತ್ತು, ಅದನ್ನು ಒಬ್ಬನಾದರೂ ಪಾಲಿಸಿದ್ದರೆ ಕೇಳಿ. ಬೆಳಗಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ. ರಾಮನಗರದಲ್ಲಿ ಇವತ್ತು ರೇಷ್ಮೆ ಗೂಡು ಎಷ್ಟಕ್ಕೆ ಹೋಯ್ತು? ಹದಿನೈದು ಸಾವಿರದೊಳಗೆ ಯಾವ ಫೋನ್ ತಗೊಳ್ಳೋದು? ಏಳೂವರೆ ರೈಲು ಬಂತಾ? ಫ್ರೀ ಬಸ್ಸಲ್ಲಿ ಗಂಡಸರಿಗೆ ಸೀಟು ಸಿಗ್ತಿಲ್ಲ, ಇದಕ್ಕೆ ಯಾರು ಹೊಣೆ? ಎಐಗೆ ಹುಟ್ಟಿದ ಟೈಮ್ ಹೇಳಿದರೆ ಜಾತಕ ಬರೆದುಕೊಡುತ್ತಂತೆ, ನಿಜವಾ? ಕರೆಂಟು ಯಾವಾಗ ಬರುತ್ತೆ? ಕೆಳಗೆ ಮೂವತ್ತು ಜನ ಕೈಮುಗಿಯುವ ಚಿತ್ರ. ಇದರ ನಡುವೆ ಎಲ್ಲೋ ಒಬ್ಬ ಪಾಪದವನು 'ಕೆರೆ ಏರಿ ಮೇಲೆ ಎರಡು' ಎಂದು ಹಾಕಿದ್ದರೆ, ಅದು ಚಿನ್ನದ ರೇಟಿನ ಅಡಿಯಲ್ಲಿ ಹೂತುಹೋಗುತ್ತಿತ್ತು.

ಅವತ್ತಿನ ಜಗಳ ಒಂದು ವಿಡಿಯೋದಿಂದ ಬಂದದ್ದು. ಚನ್ನಪಟ್ಟಣದ ಹೈವೇಯಲ್ಲಿ, ಗೊಂಬೆ ಅಂಗಡಿಗಳ ಮುಂದೆ, ಏಳು ಆನೆ ಸಾಲಾಗಿ ನಡೆದುಹೋಗುವ ವಿಡಿಯೋ. ಹಾಕಿದವನು ರುದ್ರಪ್ರಸಾದ. ಊರೆಲ್ಲ ಬಾಯಿಬಾಯಿ ಬಿಟ್ಟುಕೊಂಡು ನೋಡಿತು. ಬಾಲರಾಜು ನಿಲ್ಲಿಸಿ, ಹಿಗ್ಗಿಸಿ ನೋಡಿ, ಬರೆದ: 'ಮೂರನೇ ಆನೆಗೆ ಐದು ಕಾಲು ಐತೆ, ಎಣಿಸ್ಕಳಿ. ಅಂಗಡಿ ಬೋರ್ಡಲ್ಲಿರೋದು ಯಾವ ಭಾಷೆನೂ ಅಲ್ಲ. ಇದು ಎಐ. ಸುಳ್ಳು ಆನೆ ಬಿಟ್ರೆ ನಿಜವಾದ ಆನೆ ಬಂದಾಗ ಯಾರೂ ನಂಬಲ್ಲ.' ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೆ ಬಂದ ಉತ್ತರವೇ ಆ ವಾಯ್ಸು.

ಹಾಲು ಹಾಕಿ ಹೊರಗೆ ಬಂದಾಗ ಅಶ್ವಥ ಬೈಕಿಗೆ ಕ್ಯಾನು ಕಟ್ಟುತ್ತಿದ್ದ. ಮೂವತ್ತರ ಆಳು, ಎರಡು ಹಸು, ಮುಕ್ಕಾಲು ಎಕರೆ ಹಿಪ್ಪುನೇರಳೆ. ಬಾಲರಾಜುವಿಗೆ ಬೈಕು ಓಡಿಸಲು ಕಲಿಸಿದವನು ಅವನೇ.

"ಬುಡ್ಲಾ ಅತ್ಲಾಗೆ," ಅಂದ ಅಶ್ವಥ. "ಅವ್ನ್ ಬಾಯಿ ಗೊತ್ತಲ್ಲ."

"ನೀನು ನಕ್ಕಲ್ಲ."

"ನಗ ಬಂತು, ನಕ್ಕೆ. ಬಬಲ್ ಅಂದ್ನಲ್ಲ, ಅದ್ಕೆ."

"ಸರಿ. ನಿನ್ ಫೋನ್ ಇನ್ಮೇಲೆ ಬೇರೆ ಎಲ್ಲಾದ್ರೂ ಮಾಡುಸ್ಕೊ. ನನ್ನ ಅಂಗ್ಡಿ ತಾವ ತರ್ಬ್ಯಾಡ."

ಅಶ್ವಥನಿಗೆ ಬಾಲರಾಜು ಆಡಿದ ಕೊನೆಯ ಮಾತು ಇದು.

ಮನೆಗೆ ಬಂದು ನೋಡಿದರೆ ಆ ವಾಯ್ಸಿನ ಕೆಳಗೆ ನಗುವ ಮುಖಗಳು ನಲವತ್ತಮೂರು. ಎಣಿಸಿದ. ಕೆಲವರು ಎರಡೆರಡು ಸಲ ನಕ್ಕಿದ್ದರು. ಬಾಲರಾಜು ಓದು ಬಿಟ್ಟದ್ದು ನಿಜ, ಆದರೆ ಸತ್ತ ಫೋನನ್ನು ಮೂಗಿನ ಹತ್ತಿರ ಹಿಡಿದು ವಾಸನೆಯಿಂದಲೇ ಯಾವ ಭಾಗ ಸುಟ್ಟಿದೆ ಎಂದು ಹೇಳಬಲ್ಲವನು. ಹೀಗೆ ನಕ್ಕವರಲ್ಲಿ ಮೂವತ್ತು ಜನರ ಫೋನು ಅವನ ಕೈಯಲ್ಲಿ ಬದುಕಿದ್ದವು. ಸಿಟ್ಟು ನೆತ್ತಿಗೇರಿ, 'ಗ್ರೂಪ್ ಬಂದ್. ಹಲ್ಲು ಕಿರಿಯೋದಿದ್ರೆ ಮನೇಲಿ ಕಿರ್ಕಳಿ' ಎಂದು ಬರೆದು, ಸೆಟ್ಟಿಂಗಿಗೆ ಹೋಗಿ, ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು ಎಂದು ಮಾಡಿದ. ಏಳು ಗಂಟೆ ನಲವತ್ತು ನಿಮಿಷ. ತಕ್ಷಣ ಒಬ್ಬೊಬ್ಬರೇ ಫೋನ್ ಮಾಡತೊಡಗಿದರು. ಫೋನನ್ನೇ ಆಫ್ ಮಾಡಿ, ಬಟ್ಟೆ ಪೆಟ್ಟಿಗೆಗೆ ಎಸೆದು ಮಲಗಿದ. ನಾನೂರ ಹನ್ನೆರಡು ಬಾಯಿ ಒಂದೇ ಬೆರಳಿನಲ್ಲಿ ಮುಚ್ಚಿಸಿದ ಸುಖ ಇತ್ತಲ್ಲ, ಅದರಲ್ಲಿ ಚೆನ್ನಾಗಿಯೇ ನಿದ್ದೆ ಬಂತು.

ಬೆಳಿಗ್ಗೆ ಏಳಕ್ಕೆ ಫೋನ್ ಆನ್ ಮಾಡಿದ. ಹೊರಗೆ ಮಂಜು. ಮೊದಲು ಕಂಡದ್ದು ಅಶ್ವಥನ ವಾಯ್ಸು, ಐದು ಮೂವತ್ತೇಳಕ್ಕೆ ಕಳಿಸಿದ್ದು, ನಲವತ್ತೊಂದು ಸೆಕೆಂಡಿನದು. ಸಮಾಧಾನ ಮಾಡಲು ಏನೋ ತಮಾಷೆ ಆಡಿದ್ದಾನೆ, ಇರು, ಒಸಿ ಕಾಯಲಿ ಎಂದುಕೊಂಡು ಅದನ್ನು ಒತ್ತಲಿಲ್ಲ. ಗ್ರೂಪನ್ನು ಮತ್ತೆ ತೆಗೆದ. ತೆಗೆದ ಅರ್ಧ ನಿಮಿಷಕ್ಕೆ ಮೊದಲ ಮೆಸೇಜು ಬಂತು: 'ಮೋರಿತಾವ ಅಶ್ವಥಂಗೆ ಆನೆ ತುಳಿದದೆ.' ಎರಡನೆಯದು: 'ಯಾರಾದ್ರೂ ಗಾಡಿ ತನ್ನಿ.' ಮೂರನೆಯದು: 'ಗಾಡಿ ಬ್ಯಾಡ.'

ಬಾಲರಾಜು ಹುಚ್ಚನಂತೆ ಅಶ್ವಥನ ನಂಬರಿಗೇ 'ಎಲ್ಲಿದೀಯಣ್ಣ' ಎಂದು ಬರೆದ. ಒಂದೇ ಟಿಕ್ ಬಿತ್ತು. ಎರಡನೆಯದು ಬೀಳಲಿಲ್ಲ.

*

ಆಮೇಲೆ ಊರು ಕಥೆ ಕಟ್ಟಿತು. ಹೆಣದ ಕೊರಳಲ್ಲಿ ಇಯರ್‌ಫೋನ್ ಸುತ್ತಿಕೊಂಡಿತ್ತು, ಅದನ್ನು ಎಲ್ಲರೂ ಕಂಡಿದ್ದರು. ಕ್ಯಾನು ಹೊತ್ತು ಡೈರಿಗೆ ಹೊರಟಿದ್ದ ಐದು ಜನ ಹೆಂಗಸರು ಮಂಜಿನೊಳಗಿಂದ ಬೈಕಿನ ಹಾರ್ನ್ ಕೇಳಿದ್ದರು. ಬಿಡದೆ ಹೊಡೆಯುತ್ತಿದ್ದ ಹಾರ್ನು. ಇದ್ಯಾವನು ಮದುವೆ ದಿಬ್ಬಣದವನ ಹಾಗೆ ಬರುತ್ತಿದ್ದಾನೆ ಎಂದು ದಾರಿಯಲ್ಲೇ ನಿಂತಿದ್ದರು. ಹಾರ್ನು ನಿಂತಿತು. ಏಳಕ್ಕೆ ಆನೆಗಳು ಸರಿಯುವವರೆಗೆ ಯಾರೂ ಮೋರಿಯ ಹತ್ತಿರ ಹೋಗಲಾಗಿರಲಿಲ್ಲ. ಇವೆರಡನ್ನೂ ಕೂಡಿಸಿ ಲೆಕ್ಕ ಮುಗಿಸಿದವನು ರುದ್ರಪ್ರಸಾದ. ಗ್ರೂಪಿನಲ್ಲಿ ಕೈಮುಗಿಯುವ ಮೂರು ಚಿತ್ರದ ಜೊತೆ ಬರೆದ: 'ಕಿವಿಗೆ ಇಯರ್‌ಫೋನ್, ಕೈಯಲ್ಲಿ ಹಾರ್ನ್. ಆನೆಗೆ ಹಾರ್ನ್ ಆಗಲ್ಲ ಅಂತ ಗೊತ್ತಿಲ್ವಾ. ಮೊಬೈಲ್ ಚಟಕ್ಕೆ ಒಂದು ಜೀವ ಹೋಯ್ತು. ಯುವಕರು ಪಾಠ ಕಲಿಯಬೇಕು. ಓಂ ಶಾಂತಿ.'

ಡೈರಿಯಲ್ಲಿ ಗುರುಸಿದ್ದಯ್ಯನವರು ಇದನ್ನೇ ಹಾಲಿನ ಜೊತೆ ಅಳೆದು ಎಲ್ಲರಿಗೂ ಹಂಚುತ್ತಿದ್ದರು. "ಹಾಡ್ ಕೇಳ್ಕಂಡು ಯಮನ ಮನೆಗೆ ಹೋದ ನೋಡ್ರಪ್ಪ." ಹಾಲು ಹಾಕುವ ಪ್ರತಿಯೊಬ್ಬರಿಗೂ ಡೈರಿಯಲ್ಲಿ ಒಂದು ನಂಬರು. ಅಶ್ವಥನದು ಎಂಬತ್ತಾರು. ಗುರುಸಿದ್ದಯ್ಯನವರು ಅಭ್ಯಾಸಬಲದಿಂದ "ಎಂಬತ್ತಾರು, ಅಶ್ವಥ" ಎಂದು ಕೂಗುವರು. ಆಮೇಲೆ ಅವನ ಹೆಂಡತಿ ಭಾನುಪ್ರಿಯ ಕ್ಯಾನು ಮುಂದಕ್ಕೆ ತಳ್ಳುವಳು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಬಾಲರಾಜು ಸಂಜೆಯ ಹಾಲಿಗೆ ತಂಗಿಯನ್ನು ಕಳಿಸಿದ.

ಗ್ರೂಪು ಐದನೆಯ ದಿನಕ್ಕೆ ಚೇತರಿಸಿಕೊಂಡಿತು. ಟೈಪ್ ಸಿ ಚಾರ್ಜರ್ ಹಳೇ ಫೋನಿಗೆ ಆಗುತ್ತಾ ಎಂದು ಒಬ್ಬ ಕೇಳಿದ. ಮಾಗಡಿ ರೋಡಲ್ಲಿ ಟ್ರಾಫಿಕ್ ಜಾಮ್ ಎಂದು ಇನ್ನೊಬ್ಬ ಬರೆದ. ಸಾವನದುರ್ಗ ಹತ್ತಿದವನೊಬ್ಬ ಬಂಡೆ ಮೇಲೆ ನಿಂತ ಫೋಟೋ ಹಾಕಿದ. ಸದಸ್ಯರ ಪಟ್ಟಿಯಲ್ಲಿ ಅಕಾರದಲ್ಲೇ ಅಶ್ವಥನ ಹೆಸರು, ಹಸುವಿನ ಕೊರಳು ತಬ್ಬಿಕೊಂಡು ನಗುವ ಅವನ ಫೋಟೋ. ತೆಗೆಯಬೇಕಾದವನು ಅಡ್ಮಿನ್. ಬಾಲರಾಜು ಎರಡು ಸಲ ಬೆರಳು ಇಟ್ಟು ಎರಡು ಸಲ ವಾಪಸ್ ತೆಗೆದ.

ಮತ್ತೆ ಆ ವಾಯ್ಸು. ಕೇಳದೆ ಬಿಟ್ಟ ವಾಯ್ಸಿನ ಪಕ್ಕ ಮೈಕಿನ ಚಿತ್ರ ಹಸಿರಾಗಿಯೇ ಇರುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಅವನು ಫೋನು ತೆಗೆದಾಗೆಲ್ಲ ಆ ಹಸಿರು ಚುಕ್ಕೆ ಅವನನ್ನೇ ನೋಡುತ್ತಿತ್ತು. ಐದು ಮೂವತ್ತೇಳು. ಹೆಂಗಸರು ಹಾರ್ನ್ ಕೇಳಿದ್ದು ಐದು ಮುಕ್ಕಾಲಿಗೆ ಸ್ವಲ್ಪ ಮುಂಚೆ. ಒಳಗೆ ಏನಿದೆ ಎಂದು ಊಹಿಸಲು ಹತ್ತನೇ ಕ್ಲಾಸು ಬೇಕಾಗಿರಲಿಲ್ಲ. ಒತ್ತಿದರೆ ಊಹೆ ನಿಜವಾಗುತ್ತದೆ. ಒತ್ತದೆ ಇದ್ದರೆ, ಅದೊಂದು ತಮಾಷೆಯೂ ಆಗಿರಬಹುದಲ್ಲ. ಅಷ್ಟು ಸಂದಿಯಲ್ಲಿ ಅವನು ಉಸಿರಾಡುತ್ತಿದ್ದ.

*

ತಿಥಿ ಮುಗಿದ ಮೂರನೆಯ ದಿನ ಭಾನುಪ್ರಿಯ ಚನ್ನಪಟ್ಟಣದ ಅಂಗಡಿಗೇ ಬಂದಳು. ಅತ್ತೆ ಮುನಿಯಮ್ಮನನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಬಂದಿದ್ದಳು. ಸೆರಗಿನ ತುದಿ ಬಿಚ್ಚಿ ಕೌಂಟರಿನ ಮೇಲೆ ಫೋನು ಇಟ್ಟಳು. ಗಾಜು ಜೇಡರ ಬಲೆಯಾಗಿತ್ತು. ಹಿಂಬದಿಯ ಸಂದಿಯಲ್ಲಿ ಒಣಗಿದ ಮಣ್ಣು.

"ಬಾಲು, ಇದು ಆನ್ ಆಗ್ತದಾ ನೋಡಪ್ಪ."

"ಡಿಸ್‌ಪ್ಲೇ ಪೂರ್ತಿ ಹೋಗದೆ ಅಕ್ಕ. ಒಳಗೂ ಏನಾಗದೋ."

"ಎಷ್ಟು ದಿನ ಆದ್ರೂ ಆಗ್ಲಿ."

"ಫೋಟೋ ಬೇಕಾಗಿತ್ತಾ?"

"ಫೋಟೋ ಅವೆ ನನ್ ತಾವ." ಅವಳು ಕೌಂಟರಿನ ಗಾಜನ್ನು ನೋಡುತ್ತ ಮಾತಾಡಿದಳು. "ಅವ್ರು ಅವತ್ತು ಹಾಡು ಕೇಳ್ಕಂಡು ಹೋಯ್ತಿದ್ರಾ, ಇಲ್ವಾ. ಅದ್ನ ನೋಡ್ಬೇಕು ನಂಗೆ. ಅದೊಂದೇಯ. ಡೈರಿಲಿ ನಾನ್ ಕ್ಯಾನ್ ಹಿಡ್ಕಂಡ್ ನಿಂತಿರ್ತೀನಿ, ನನ್ ಮುಂದೇನೇ ಅಂತಾರೆ. ಹಾಡ್ ಕೇಳ್ಕಂಡು ಸತ್ತ ಅಂತವ. ಕೇಳ್ಕಂಡಿದ್ರೆ ಕೇಳ್ಕಂಡಿದ್ರು ಅಂತ ಗೊತ್ತಾಗ್ಲಿ, ಸುಮ್ನಾಗ್ತೀನಿ. ಫೋನಲ್ಲಿ ಗೊತ್ತಾಯ್ತದಂತಲ್ಲ?"

"ಗೊತ್ತಾಯ್ತದೆ."

"ಮತ್ತೆ ನಿನ್ ಬುಟ್ರೆ ಇನ್ಯಾರ್ ತಾವ ಹೋಗ್ಲಿ. ಅವ್ರು ಯಾವಾಗ್ಲೂ, ಫೋನ್ ಅಂದ್ರೆ ನಮ್ ಬಾಲು ತಾವ್ಲೇ ಕೊಡ್ಬೇಕು ಅನ್ನೋರು."

ಅವಳು ಹೋದ ಮೇಲೆ ಬಾಲರಾಜು ಫೋನನ್ನು ಮುಟ್ಟದೆ ಒಂದು ಗಂಟೆ ಕೂತ. ಪಕ್ಕದ ಗೊಂಬೆ ಅಂಗಡಿಯ ತೌಹೀದ್ ಇಣುಕಿದ. ಮರದ ಕುದುರೆಗಳಿಗೆ ಹಗ್ಗ ಪೋಣಿಸುತ್ತ ದಿನಕ್ಕೆ ಹತ್ತು ಸಲ ಇಣುಕುವವನು.

"ಏನ್ ಬಾಲು ಭಾಯ್, ಅಷ್ಟೊತ್ತಿಂದ ಅದ್ರ ಮುಂದೆ ಕೂತಿದೀಯ. ಮೊಟ್ಟೆಗೆ ಕಾವು ಕೊಡ್ತಿದೀಯಾ?"

"ಪಾರ್ಟ್ ಇಲ್ಲ."

"ಹಿಂದ್ಗಡೆ ಡಬ್ಬದಲ್ಲಿ ಅದೇ ಮಾಡೆಲ್ದು ಎರಡು ಅವೆ. ನಾನೇ ಮೊನ್ನೆ ಪಾರ್ಸೆಲ್ ಇಸ್ಕೊಂಡಿದ್ದು."

"ಲೇ, ನಿನ್ ಕುದ್ರೆ ನೋಡ್ಕಳ್ಲಾ."

ತೌಹೀದ್ ನಗುತ್ತ ಹೋದ. ಬಾಲರಾಜು ಡಬ್ಬ ತೆಗೆದ. ಹೀಟ್ ಗನ್ನಿನ ಬಿಸಿಗೆ ಅಂಟು ಸಡಿಲವಾಯಿತು. ಮಣ್ಣನ್ನು ಬ್ರಷ್ಷಿನಲ್ಲಿ ಕೆರೆದು ಒಂದು ಕಾಗದದ ಮೇಲೆ ಹಾಕಿದ. ಅದನ್ನು ಬಿಸಾಡಲು ಕೈ ಬರಲಿಲ್ಲ, ಮಡಿಚಿ ಡ್ರಾಯರಿನಲ್ಲಿ ಇಟ್ಟ. ಒಳಗೆ ಬೋರ್ಡು ಚೆನ್ನಾಗಿತ್ತು. ಹೊಸ ಡಿಸ್‌ಪ್ಲೇ ಕೂರಿಸಿ ಚಾರ್ಜಿಗೆ ಹಾಕಿದ. ಮನುಷ್ಯನ ಮೇಲೆ ಆನೆ ಕಾಲಿಟ್ಟಿತ್ತು, ಫೋನಿಗೆ ಗಾಜು ಬಿಟ್ಟು ಬೇರೇನೂ ಆಗಿರಲಿಲ್ಲ. ದೇವರೆಂಬುವನು ಇದ್ದರೆ ಅವನ ಕಾಲರ್ ಹಿಡಿದು ಕೇಳಬೇಕು ಅನ್ನಿಸಿತು.

ಫೋನು ಬೆಳಗಿತು. ಲಾಕಿನ ಗೆರೆ ಅವನಿಗೆ ಗೊತ್ತಿತ್ತು. ಹಾಕಿಕೊಟ್ಟವನೇ ಅವನು. ಸಿಗ್ನಲ್ ಸಿಕ್ಕಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಿಂಗ್ ಎಂದಿತು. ಟಿಂಗ್, ಟಿಂಗ್, ಟಿಂಗ್. ಹದಿನಾಲ್ಕು ದಿನದ ಮೆಸೇಜು ಒಂದರ ಮೇಲೊಂದು ಬೀಳತೊಡಗಿದವು. ಬೆಂಚಿನ ಮೇಲೆ ಫೋನು ನಡುಗುತ್ತ ತಾನಾಗಿಯೇ ಒಂದು ಇಂಚು ಸರಿಯಿತು. 'ಅಶ್ವಥಣ್ಣಂಗೆ ಭಾವಪೂರ್ಣ ಶ್ರದ್ಧಾಂಜಲಿ.' 'ಓಂ ಶಾಂತಿ.' 'ಮಣ್ಣು ಮಧ್ಯಾಹ್ನ ಎರಡಕ್ಕೆ, ಹೊಲದಲ್ಲಿ.' 'ಮತ್ತೆ ಹುಟ್ಟಿ ಬಾ ಗೆಳೆಯ.' ಸತ್ತವನ ಫೋನಿಗೆ ಸತ್ತವನ ಸಾವಿನ ಸುದ್ದಿ ಬರುತ್ತಿತ್ತು, ಹಸು ತಬ್ಬಿಕೊಂಡು ನಗುತ್ತ ಅವನು ತೆಗೆದುಕೊಳ್ಳುತ್ತಿದ್ದ. ನಡುವೆ ಶುಭೋದಯದ ಗುಲಾಬಿಗಳೂ ಬಂದವು.

ಆಗ ಬಾಲರಾಜು ತನ್ನ ಫೋನಿನ ಕಡೆ ನೋಡಿದ. 'ಎಲ್ಲಿದೀಯಣ್ಣ' ಎಂಬುದರ ಪಕ್ಕ ಎರಡನೆಯ ಟಿಕ್ ಬಿದ್ದಿತ್ತು.

ಎದ್ದು ಹೋಗಿ ಶಟರನ್ನು ಅರ್ಧ ಎಳೆದ. ಹೊರಗೆ ಮಧ್ಯಾಹ್ನದ ಬಿಸಿಲು, ಮೈಸೂರಿನ ಬಸ್ಸಿಗೆ ಕೂಗುವ ಕಂಡಕ್ಟರು, ಮರದ ಕುದುರೆಗಳ ಟಕಟಕ. ಒಳಗೆ ಅಶ್ವಥನ ಫೋನು ಸುಮ್ಮನಾಗಿತ್ತು. ಕಾಲ್ ಪಟ್ಟಿ ತೆಗೆದ. ಐದು ಮೂವತ್ತೈದಕ್ಕೆ ಬಾಲು. ಮೂವತ್ತೈದಕ್ಕೆ ಮತ್ತೆ ಬಾಲು. ಮೂವತ್ತಾರಕ್ಕೆ ಸೆಕ್ರೆಟರಿ. ಮೂವತ್ತಾರಕ್ಕೆ ಬಾಲು. ಹಾಡಿನದು ಏನೂ ತೆರೆದಿರಲಿಲ್ಲ. ಇಯರ್‌ಫೋನು ಕಿವಿಯಲ್ಲಿದ್ದುದು ಇವನಿಗೆ ಫೋನ್ ಮಾಡಲು.

ತನ್ನ ಫೋನಿನಲ್ಲಿ ವಾಯ್ಸನ್ನು ಒತ್ತಿದ.

"ಲೇ ಬಾಲು, ಎದ್ದೇಳ್ಲಾ. ಮೋರಿತಾವ ಮೂರು ನಿಂತವೆ ಕಣ್ಲಾ, ಒಂದು ಮರಿ ಬ್ಯಾರೆ ಐತೆ. ಗ್ರೂಪಿಗೆ ಹಾಕನ ಅಂದ್ರೆ ಅಡ್ಮಿನ್ ಮಾತ್ರ ಅಂತ ಬತ್ತಾ ಐತೆ. ನಿಂಗ್ ಹೊಡ್ದೆ, ಸ್ವಿಚಾಫು. ಸೆಕ್ರೆಟ್ರಿಗೆ ಹೊಡ್ದೆ, ಎತ್ನಿಲ್ಲ. ಹೆಂಗಸ್ರು ಈಗ ಕ್ಯಾನ್ ತಕಂಡು ಹೊಂಟಿರ್ತಾರೆ, ಈ ಮಂಜಲ್ಲಿ ಏನೂ ಕಾಣಕಿಲ್ಲ ಅವ್ರ್ಗೆ. ನಾನೇ ಹೋಯ್ತೀನಿ. ಹಾರ್ನ್ ಹೊಡ್ಕಂಡೇ ಹೋಯ್ತೀನಿ, ದೂರದಿಂದ್ಲೇ ಕೇಳುಸ್ಲಿ. ನೀನು ಎದ್ದೇಟ್ಗೆ ಗ್ರೂಪ್ ತೆಗ್ದು ಹಾಕ್ಬುಡು. ಮೂರು, ಒಂದು ಮರಿ, ಮುಖ ದೊಡ್ಡಿ ಕಡೆಗೆ." ಬೈಕು ಸ್ಟಾರ್ಟ್ ಆದ ಸದ್ದು. ಆಮೇಲೆ, ಚಳಿಗೆ ಹಲ್ಲು ಕಚ್ಚಿ ನಕ್ಕಂತೆ, "ಇಷ್ಟ್ ಕೋಪ ಮಾಡ್ಕಂಡ್ರೆ ಹೆಂಗ್ಲಾ. ಐದು ಕಾಲು ಇದ್ದದ್ದು ನಿಜ. ನಾನೂ ಎಣಿಸ್ದೆ."

ಬೆಂಚಿನ ಮೇಲೆ ಅಶ್ವಥನ ಫೋನಿನಲ್ಲಿ ಆ ವಾಯ್ಸಿನ ಪಕ್ಕದ ಮೈಕು ನೀಲಿಯಾಯಿತು. ಕೇಳಿದ್ದಾನೆ ಎಂಬ ಗುರುತು. ಹದಿನಾಲ್ಕು ದಿನ ತಡವಾಗಿ ಹೋದ ರಸೀದಿ.

*

ಮೂರು ದಿನ ಆ ಫೋನು ಬಾಲರಾಜುವಿನ ಹತ್ತಿರವೇ ಉಳಿಯಿತು. ಭಾನುಪ್ರಿಯ ಮುನಿಯಮ್ಮನ ಫೋನಿನಿಂದ ಕೇಳಿದಾಗ ಪಾರ್ಟ್ ಬಂದಿಲ್ಲ ಎಂದ. ಸುಳ್ಳು ಹೇಳಿದ ಮೇಲೆ ನಾಲಿಗೆಯಲ್ಲಿ ಸುಟ್ಟ ವೈರಿನ ರುಚಿ.

ದಾರಿ ಸುಲಭ ಇತ್ತು. ಬೋರ್ಡು ಹೋಗಿದೆ ಅಕ್ಕ, ಏನೂ ಮಾಡಕ್ಕಾಗಲ್ಲ ಎಂದರೆ ನಂಬುವಳು. ಇಲ್ಲವೇ ರೀಸೆಟ್ ಹೊಡೆದು ಖಾಲಿ ಫೋನು ಕೊಡಬಹುದು. ರೀಸೆಟ್ಟಿನವರೆಗೆ ಹೋಗಿ, 'ಎಲ್ಲವೂ ಅಳಿಸಿಹೋಗುತ್ತದೆ' ಎಂಬ ಅಕ್ಷರಗಳನ್ನು ಓದುತ್ತ ಬೆರಳು ಮೇಲೆತ್ತಿಕೊಂಡು ಕೂತಿದ್ದ. ಕೂತಲ್ಲಿಯೇ ಫೋನು ಬಡಿದುಕೊಂಡಿತು. ಅಶ್ವಥನ ಫೋನಿಗೆ ಮೆಸೇಜು. ಚಾರ್ಜರಿನ ಬಗ್ಗೆ ಯಾರೋ ಗ್ರೂಪಿನಲ್ಲಿ ಕೇಳಿದ್ದು. ಬಾಲರಾಜುವಿನ ಫೋನೂ ಅದೇ ಕ್ಷಣಕ್ಕೆ ಟಿಂಗ್ ಎಂದಿತು. ಎರಡೂ ಜೊತೆಗೇ. ಪಕ್ಕದಲ್ಲಿ ಒಬ್ಬ ಕೂತು, ಇವನು ನೋಡಿದ್ದನ್ನೇ ನೋಡುತ್ತಿದ್ದ ಹಾಗೆ. ಮೂರು ದಿನವೂ ಹೀಗೇ. ಇವನು ಒಬ್ಬನೇ ಓದಿದ ಮೆಸೇಜು ಒಂದೂ ಇರಲಿಲ್ಲ.

ಗುರುಸಿದ್ದಯ್ಯನವರ ವಿಷಯವೂ ತಲೆ ತಿಂದಿತು. ಅವರ ಫೋನಿನಲ್ಲೂ ಒಂದು ಮಿಸ್ಡ್ ಕಾಲ್ ಇದೆ. ಐದು ಮೂವತ್ತಾರು. ಅದನ್ನು ನೋಡಿಕೊಂಡೇ ಆ ಮನುಷ್ಯ ದಿನಾ ಎಂಬತ್ತಾರು ಎಂದು ಕೂಗುತ್ತಿದ್ದಾನೆ, ಹಾಡು ಕೇಳ್ಕಂಡು ಸತ್ತ ಎಂದು ಊರಿಗೆ ಸಾರುತ್ತಿದ್ದಾನೆ. ಅಯ್ಯೋ ಮುದುಕ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದು ಬೈದುಕೊಂಡ. ಬೈಯುವಾಗ ಎದೆ ಹಗುರವಾಯಿತು. ಹಗುರವಾದ ಮರುಗಳಿಗೆಗೇ ನಾಚಿಕೆಯಾಯಿತು. ಅವರು ಒಂದು ಕಾಲ್ ಎತ್ತಲಿಲ್ಲ. ಇವನು ನಾನೂರ ಹನ್ನೆರಡು ಬಾಯಿ ಹೊಲಿದು ಮಲಗಿದ್ದ. ಮೋರಿಯ ಆಚೆ ದಡದಲ್ಲಿ, ತನ್ನ ಹಿಪ್ಪುನೇರಳೆ ಹೊಲದಲ್ಲೇ, ಸೊಪ್ಪು ಕೊಯ್ಯುತ್ತ ನಿಂತಿದ್ದರೆ ಅಶ್ವಥನಿಗೆ ಏನೂ ಆಗುತ್ತಿರಲಿಲ್ಲ. ಗ್ರೂಪು ತೆರೆದಿದ್ದರೆ ಅವನು ಮೋರಿ ದಾಟುತ್ತಲೇ ಇರಲಿಲ್ಲ.

ಗ್ರೂಪಿನಲ್ಲಿ ಆ ದಿನ ರುದ್ರಪ್ರಸಾದ ಹೊಸದೊಂದು ಹಾಕಿದ್ದ. ಎಐಯಲ್ಲಿ ಮಾಡಿದ ಚಿತ್ರ. ಇಯರ್‌ಫೋನ್ ಹಾಕಿಕೊಂಡ ಒಬ್ಬ ಬೈಕಿನವನು, ಹಿಂದೆ ಆನೆ. ಕೆಳಗೆ ದಪ್ಪಕ್ಷರ: 'ಮೊಬೈಲ್ ಮಾರಿ.' ಜಾಗೃತಿಗಾಗಿ ಹಂಚಿಕೊಳ್ಳಿ ಎಂದು ಬೇರೆ. ಇಪ್ಪತ್ತು ಜನ ಹೆಬ್ಬೆರಳೆತ್ತಿದ್ದರು. ಬೈಕಿನವನ ಅಂಗಿ ನೀಲಿ ಚೌಕಳಿಯದು. ಅಶ್ವಥ ಡೈರಿಗೆ ಬರುತ್ತಿದ್ದದ್ದು ಅಂಥದೇ ಅಂಗಿಯಲ್ಲಿ. ಬೇಕೆಂದೇ ಹೇಳಿ ಮಾಡಿಸಿದ್ದನೋ, ಮಿಷನ್ನು ತಾನಾಗಿ ಹಾಗೆ ಬರೆಯಿತೋ.

ಬಾಲರಾಜು ಎರಡೂ ಫೋನು ಜೇಬಿಗೆ ಹಾಕಿಕೊಂಡು ಶಟರ್ ಎಳೆದ. ತೌಹೀದ್ ಎಲ್ಲಿಗೆ ಎಂದು ಕೇಳಿದ. "ಡೆಲಿವರಿ," ಎಂದ.

*

ಹುಣಸೇದೊಡ್ಡಿ ತಲುಪಿದಾಗ ಮೂರು ಗಂಟೆ. ಅಶ್ವಥನ ಮನೆಯ ಜಗಲಿಯಲ್ಲಿ ಮುನಿಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಕೈಜೋಡಿಸಿದ್ದರು. ಇಬ್ಬರೂ ಅವತ್ತು ಕ್ಯಾನು ಹೊತ್ತು ಹೊರಟಿದ್ದ ಐವರಲ್ಲಿನವರು. ಭಾನುಪ್ರಿಯ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಆಯ್ತಾ ಬಾಲು?"

"ಆಯ್ತು ಅಕ್ಕ."

"ಕುಂತ್ಕೋ. ಟೀ ಇಡ್ತೀನಿ."

"ಬ್ಯಾಡ ಅಕ್ಕ. ನೀನ್ ಕುಂತ್ಕೋ."

ಅವಳು ಕಂಬಕ್ಕೆ ಒರಗಿ ಕೂತಳು. ಬಾಲರಾಜು ಅಶ್ವಥನ ಫೋನು ತೆಗೆದು ಅವಳ ಕೈಯಲ್ಲಿಟ್ಟ. "ಹಾಡು ಕೇಳ್ತಿರ್ಲಿಲ್ಲ ಅಕ್ಕ. ಒಂದ್ ಹಾಡೂ ತೆಗ್ದಿಲ್ಲ ಅವತ್ತು. ಫೋನ್ ಮಾಡಕೆ ಹಾಕ್ಕಂಡಿದ್ದು ಅದು."

ಮುನಿಯಮ್ಮನ ಕೈಯಲ್ಲಿನ ಅವರೆಕಾಯಿ ನಿಂತಿತು. "ಯಾರ್ಗೆ ಫೋನು?"

"ನಂಗೆ."

ಬಗ್ಗಿ, ಅವಳ ಕೈಯಲ್ಲಿದ್ದಂತೆಯೇ, ಆ ವಾಯ್ಸನ್ನು ಒತ್ತಿದ.

ಜಗಲಿಯ ಮೇಲೆ ಅಶ್ವಥ ಮಾತಾಡಿದ. ಕೊಟ್ಟಿಗೆಯಲ್ಲಿ ದೊಡ್ಡ ಹಸು ತಲೆಯೆತ್ತಿ, ಹಗ್ಗ ಬಿಗಿಯುವಷ್ಟು ಮುಂದೆ ಬಂದು, ಈ ಕಡೆ ನೋಡಿತು. ಮುನಿಯಮ್ಮ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿ, ಬಾಗಿಲು ನೋಡಿ, ಆಮೇಲೆ ಸೊಸೆಯ ಕೈ ನೋಡಿದಳು. "ಹಾರ್ನ್ ಹೊಡ್ಕಂಡೇ ಹೋಯ್ತೀನಿ" ಎಂಬಲ್ಲಿಗೆ ಬಂದಾಗ ಪಕ್ಕದ ಮನೆಯ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. "ನಮ್ಗೆ ಕಣೇ," ಎಂದಳು ಇನ್ನೊಬ್ಬಳು, ಯಾರಿಗೂ ಅಲ್ಲ ಎಂಬಂತೆ. "ನಮ್ಗೆ ಹೊಡ್ದದ್ದು ಅದು."

ವಾಯ್ಸು ಮುಗಿಯಿತು. ಭಾನುಪ್ರಿಯ ಅಳಲಿಲ್ಲ. ಇನ್ನೊಂದು ಸಲ ಒತ್ತಿ, ಫೋನನ್ನು ಕಿವಿಗೆ ಹಿಡಿದು, ಒಬ್ಬಳೇ ಕೇಳಿದಳು. ಕಣ್ಣು ಮುಚ್ಚಿದ್ದಳು. ನಲವತ್ತೊಂದು ಸೆಕೆಂಡು ಎಷ್ಟು ಉದ್ದ ಎಂಬುದು ಬಾಲರಾಜುವಿಗೆ ಆಗ ಗೊತ್ತಾಯಿತು.

"ಇದ್ನ ಗ್ರೂಪಿಗೆ ಹಾಕದು ಹೆಂಗೆ?" ಎಂದಳು.

"ನಾನ್ ಹಾಕ್ತೀನಿ ಅಕ್ಕ, ನನ್ ಫೋನಿಂದ."

"ಬ್ಯಾಡ. ಅವ್ರ್ ಫೋನಿಂದ್ಲೇ ಹೋಗ್ಲಿ."

ಅವನು ತೋರಿಸಿಕೊಟ್ಟ. ಇಲ್ಲಿ ಒತ್ತಿ ಹಿಡಿ, ಈ ಬಾಣ, ಈಗ ಗ್ರೂಪಿನ ಹೆಸರು. ವಾಯ್ಸು ಹೋಯಿತು. ಬಾಲರಾಜುವಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ತೆಗೆದು ನೋಡಲಿಲ್ಲ. ನೋಡದೆಯೂ ಗೊತ್ತಿತ್ತು. 'ಆನೆ ಬಂತು' ಗ್ರೂಪಿನಲ್ಲಿ, ಹಸು ತಬ್ಬಿಕೊಂಡ ಫೋಟೋದ ಪಕ್ಕ, ಅಶ್ವಥ ಎಂಬ ಹೆಸರು.

ಬಿಡದಿಯಲ್ಲಿ ಒಬ್ಬ, ಡೈರಿಯಲ್ಲಿ ಒಬ್ಬರು, ಹೊಲದಲ್ಲಿ, ಬಸ್ಸಿನಲ್ಲಿ, ನಾನೂರು ಜನ ಆ ಹೆಸರು ನೋಡುತ್ತ ಒತ್ತಲೋ ಬೇಡವೋ ಎಂದು ಕೂತಿರಬೇಕು. ಗ್ರೂಪು ಕಟ್ಟಿದ ಎರಡು ವರ್ಷದಲ್ಲಿ ಹಗಲು ಹೊತ್ತು ಹತ್ತು ನಿಮಿಷ ಯಾರೂ ಏನೂ ಬರೆಯದೆ ಇದ್ದದ್ದು ಅದೇ ಮೊದಲು. ಆಮೇಲೆ ಎದುರು ಮನೆಯ ಒಳಗಿನಿಂದ ಅಶ್ವಥನ ದನಿ ಸಣ್ಣಗೆ ಕೇಳಿಸಿತು. ಯಾರೋ ಒತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಮನೆಯ ಗಂಡಸು ಬಾಗಿಲಿಗೆ ಬಂದು, ಜಗಲಿಯ ಕಡೆ ನೋಡಿ, ತಲೆ ತಗ್ಗಿಸಿ ನಿಂತ.

ಬಾಲರಾಜುವಿನ ಜೇಬಿನಲ್ಲಿ ಫೋನು ರಿಂಗಾಗತೊಡಗಿತು. ನಿಂತಿತು. ಮತ್ತೆ ಆಯಿತು.

ಭಾನುಪ್ರಿಯ ಗಂಡನ ಫೋನನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಮೊದಲ ಸಲ ಬಾಲರಾಜುವಿನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟೇ ಇರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಸಿಟ್ಟು ಕೊಡುವುದು ಅವನಿಗೆ ಗೊತ್ತಿದ್ದ ವಿದ್ಯೆ.

"ನಿಮ್ಮಣ್ಣ ಅಷ್ಟ್ ಸಲ ಹೊಡ್ದವ್ರಲ್ಲಪ್ಪ ನಿಂಗೆ," ಎಂದಳು. "ಅವತ್ತು ಯಾಕ್ ಬಾಲು ನೀನು ಫೋನ್ ಆಫ್ ಮಾಡ್ಕಂಡಿದ್ದೆ?"

ಮುನಿಯಮ್ಮ ನೋಡಿದಳು. ಪಕ್ಕದ ಮನೆಯ ಹೆಂಗಸರು ನೋಡಿದರು. ಎದುರು ಬಾಗಿಲಿನ ಗಂಡಸೂ ನೋಡಿದ. ಉತ್ತರ ಅವನ ಬಾಯಲ್ಲೇ ಇತ್ತು, ಎರಡೇ ಮಾತಿನದು: 'ಅಣ್ಣ ನಕ್ಕಿದ್ದ.' ಅಂದು ನೋಡಿಕೊಂಡ, ಒಳಗೊಳಗೇ. ಅವರೆಕಾಯಿ ಸಿಪ್ಪೆಯಷ್ಟೂ ತೂಕವಿರಲಿಲ್ಲ ಅದಕ್ಕೆ.

ಜೇಬಿನ ಫೋನು ಇನ್ನೂ ರಿಂಗಾಗುತ್ತಿತ್ತು. ಬಾಲರಾಜು ಜಗಲಿಯ ಮೆಟ್ಟಿಲು ಇಳಿದು, ಚಪ್ಪಲಿ ಮೆಟ್ಟಿಕೊಂಡು, ಅಶ್ವಥ ಬಿದ್ದಿದ್ದ ಮೋರಿಯ ದಾರಿ ಹಿಡಿದು ನಡೆದ.